ಸೇತುವೆಯ ಸೂಪಿನಜ್ಜಿ

ಅಪ್ಪಾ,

ಮಿಲ್ವಾಕಿಯ ಈ ಹಿಮದಲ್ಲೂ ನಿನ್ನ ಗೆಳೆಯರಿಬ್ಬರು ನಿನ್ನೆ ನಮ್ಮ ನೆಲಮಾಳಿಗೆಗೆ ಬಂದಿದ್ದರು. ನೀನು ತೀರಿಕೊಂಡಾಗ ಅರ್ಧಕ್ಕೆ ನಿಂತ ಆಟವನ್ನು ಮುಗಿಸಬೇಕಂತೆ. ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಲ್ಲೇ ಕಥೆ ಕಟ್ಟುವ ಆಟ: ವರ್ನನ್ ಎಂದಿನಂತೆ ಕತ್ತಿವೀರ, ಲೊರೀನ್ ಮಾಟಗಾತಿ. ನಿನ್ನ ಕುರ್ಚಿಯಲ್ಲಿ ಕೂತು, ನೀನು ಅಂಗಡಿಯಿಂದ ತಂದಿದ್ದ ಆ ಸಾಹಸದ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಕಥೆ ನಡೆಸುವವಳು ನಾನಾದೆ.

ಕಥೆಯೊಳಗೆ, ಕೋಟೆಯ ದಾರಿಯಲ್ಲಿ ಸೇತುವೆ ಬಂತು. ವರ್ನನ್ ದಾಳ ಕೆಳಗಿಟ್ಟ.

"ಮೊದಲು ಸೇತುವೆ ಮೇಲೆ ಸೂಪು ಮಾರೋ ನಮ್ಮ ಸೂಪಿನಜ್ಜಿ ಹತ್ರ ಹೋಗೋಣ. ಇವತ್ತು ಏನಂತ ಬೈತಾಳೆ, ಹೇಳಮ್ಮ."

ಪುಟ ತಿರುವಿದೆ. ಕೋಟೆಯ ಒಂದೊಂದು ದೆವ್ವದ ವಿವರವೂ ಇತ್ತು, ಅಜ್ಜಿ ಮಾತ್ರ ಎಲ್ಲೂ ಇರಲಿಲ್ಲ.

"ಅದರಲ್ಲಿ ಹುಡುಕಬೇಡ ಕಣೇ," ಎಂದಳು ಲೊರೀನ್. "ಆ ಮುದುಕಿ ನಿಮ್ಮಪ್ಪನ ಬಾಯಲ್ಲೇ ಹುಟ್ಟಿದ್ದು. ನೀನೂ ಬಾಯಿಗೆ ಬಂದಿದ್ದು ಹೇಳು, ನಡಿಯುತ್ತೆ."

'ಒಂದು ಸಲ ಬಂದು ಕೂತು ನೋಡೇ' ಎಂದು ನೀನು ಮೆಟ್ಟಿಲ ಬುಡದಿಂದ ಪ್ರತಿ ವಾರ ಕೂಗುತ್ತಿದ್ದೆ. ಮೇಲೆ ನನ್ನ ಕೋಣೆಗೆ ನಿಮ್ಮ ನಗು ಕೇಳಿಸುತ್ತಿತ್ತು. ಅಜ್ಜಿಯ ಮಾತು ಅಷ್ಟು ದೂರ ಬರುತ್ತಿರಲಿಲ್ಲ.

ಇಬ್ಬರೂ ಆಗಲೇ ನಗಲು ಸಿದ್ಧರಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮತ್ತೆ ಪುಸ್ತಕದ ಕಡೆ ಬಗ್ಗಿದೆ. ಕೊನೆಗೆ ಅಚ್ಚಾಗಿದ್ದುದನ್ನೇ ಓದಿದೆ:

"ಸೇತುವೆಯ ಮೇಲೆ ಯಾರೂ ಇಲ್ಲ."