ಕಿಟಕಿ ಪಕ್ಕದ ಬೆಡ್

ನರ್ಸುಗಳ ಹಾಸ್ಟೆಲು,
ಹದಿನಾಲ್ಕನೇ ತಾರೀಕು, ಸಂಜೆ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಮುಂದಿನ ಗುರುವಾರದ ಆಪರೇಷನ್‌ಗೆ ಹೆದರಿಲ್ಲವೆಂದು ಅಪ್ಪನ ಕೈಲಿ ಬರೆಸಿದ್ದೀಯ. ಹೆದರದವಳು ಅದನ್ನು ಮೂರು ಸಲ ಬರೆಸುವುದಿಲ್ಲ. ಹೊಸಬರಿಗೆ ಮೊದಲ ಮೂರು ತಿಂಗಳು ರಜೆಯಿಲ್ಲ, ಬರಲಾಗದ ಸಂಕಟ ನನಗೂ ಇದೆ.

ನಾನು ಚೆನ್ನಾಗಿದ್ದೇನೆ ಎಂದಷ್ಟೇ ಬರೆಯೋಣವೆಂದಿದ್ದೆ. ಆದರೆ ನಿನಗೆ ಸುಳ್ಳು ಹೇಳಿ ದಕ್ಕಿಸಿಕೊಂಡ ನೆನಪಿಲ್ಲ. ನಿನ್ನೆ ಮೊದಲ ಸಲ ಆರು ಬೆಡ್‌ಗಳು ನನ್ನೊಬ್ಬಳ ಪಾಲಿಗೆ ಬಂದವು. ನಾಲ್ಕನೇ ಬೆಡ್ಡಿನ ಅಜ್ಜನಿಗೆ ಸಕ್ಕರೆ ಕಾಯಿಲೆ, ತಿಂಡಿಗೆ ಮೊದಲು ಇನ್ಸುಲಿನ್ ಕೊಡಬೇಕು. ಹೋಗಿ ಆ ಅಜ್ಜನ ಹೆಸರು ಹೇಳಿ, "ನೀವೇ ಅಲ್ವಾ?" ಎಂದೆ. "ಹೂಂ ಮಗಾ" ಎಂದರು. ತೋಳು ಒರೆಸಲು ಅಂಗಿ ಮೇಲೆ ಸರಿಸಿದಾಗ ಮಣಿಕಟ್ಟಿನ ಪಟ್ಟಿ ಕಂಡಿತು. ಅದರಲ್ಲಿ ಬೇರೆ ಹೆಸರು. ಸೂಜಿ ಚುಚ್ಚದೆ ಹಾಗೇ ಟ್ರೇಗೆ ಇಟ್ಟೆ. ಇವರೂ ನಾಲ್ಕನೇ ಬೆಡ್ಡಿನ ಅಜ್ಜನೂ ಬೆಳಗಾಗುತ್ತಲೇ ಬೆಡ್ ಬದಲಿಸಿಕೊಂಡಿದ್ದರು, ಇವರಿಗೆ ಕಿಟಕಿ ಬೇಕಿತ್ತಂತೆ. ಸಕ್ಕರೆ ಕಾಯಿಲೆಯೇ ಇಲ್ಲದವರಿಗೆ ಆ ಔಷಧ ಹೋಗಿದ್ದರೆ ಪ್ರಾಣಕ್ಕೇ ಸಂಚಕಾರ ಬರುತ್ತಿತ್ತು. "ಮತ್ಯಾಕೆ ಹೂಂ ಅಂದ್ರಿ ತಾತ?" ಎಂದೆ. "ನೀನು ಅವಸರದಲ್ಲಿದ್ದೆ, ಪಾಪ, ಎದುರು ಮಾತಾಡೋದು ಬೇಡ ಅನ್ನಿಸ್ತು" ಎಂದರು.

ರೋಗಿಯ ಗುರುತು ಖಚಿತಪಡಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ನನಗೆ ಹತ್ತಕ್ಕೆ ಹತ್ತು ಬಂದಿತ್ತಮ್ಮಾ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನೀನು ಹೇಳಿದಾಗಲೆಲ್ಲ ಸಿಡುಕುತ್ತಿದ್ದೆ.

ಯಾರೂ ನೋಡಿರಲಿಲ್ಲ. ಮಧ್ಯಾಹ್ನದವರೆಗೆ ಬಾಯಿ ಮುಚ್ಚಿಕೊಂಡೇ ಇದ್ದೆ. ಕೊನೆಗೆ ಹಿರಿಯ ಸಿಸ್ಟರ್ ಮುಂದೆ ನಿಂತು ಹೇಳಿಬಿಟ್ಟೆ. ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ನಾವು ಬೆನ್ನ ಹಿಂದೆ 'ಸಿಡಿಲು' ಎಂದು ಕರೆಯುವ ಅವರು ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟರು. "ನಾನೂ ಒಂದ್ಸಲ ಹೀಗೇ ಮಾಡಿದ್ದೆ. ಯಾರಿಗೂ ಹೇಳಲಿಲ್ಲ. ಮುಂದಿನ ವಾರ ಇನ್ನೊಬ್ಳು ಅದೇ ಗುಂಡಿಗೆ ಬಿದ್ಲು" ಎಂದು ವರದಿ ಪುಸ್ತಕ ಮುಂದಿಟ್ಟರು. ಬರೆದೆ. ಇವತ್ತಿನಿಂದ ವಾರ್ಡಿನಲ್ಲಿ ನಾವೇ ಹೆಸರು ಹೇಳಿ "ನೀವೇ ಅಲ್ವಾ" ಎನ್ನುವಂತಿಲ್ಲ. ಹೆಸರು ಅವರ ಬಾಯಿಂದಲೇ ಬರಬೇಕು, ಕೈಪಟ್ಟಿಗೆ ತಾಳೆಯಾಗಬೇಕು. ಕಿಟಕಿ ಅಜ್ಜ ಈಗ ನನ್ನನ್ನು ಕಂಡರೆ ಸಾಕು, ಕೇಳುವ ಮೊದಲೇ ಹೆಸರು, ಅಪ್ಪನ ಹೆಸರು ಎಲ್ಲ ಒಪ್ಪಿಸುತ್ತಾರೆ.

ಅಪ್ಪನಿಗೆ ನಮಸ್ಕಾರ ತಿಳಿಸು. ನಿನ್ನ ಕಾಲನ್ನು ಇಲ್ಲಿಂದಲೇ ಮುಟ್ಟಿ ನಮಸ್ಕರಿಸುತ್ತೇನೆ, ನೋವಿರುವ ಮಂಡಿ ಬಿಟ್ಟು.

ನಿನ್ನ ಗಡಿಬಿಡಿ ಮಗಳು

ವಿ.ಸೂ.: ಅಮ್ಮಾ, ನೀನೂ ಎಲ್ಲದಕ್ಕೂ ಹೂಂಗುಟ್ಟುವವಳೇ. ಗುರುವಾರ ಯಾವ ನರ್ಸ್ ಬಂದು ಏನು ಕೇಳಿದರೂ ಬರೀ ಹೂಂ ಅನ್ನಬೇಡ. ಪೂರ್ತಿ ಹೆಸರು ಹೇಳು, ಆಪರೇಷನ್ ಬಲಗಾಲಿಗೆ ಎನ್ನು, ಕೈಪಟ್ಟಿ ತೋರಿಸು. ಅವಳು ಹೊಸಬಳಾಗಿ ಗಡಿಬಿಡಿ ಮಾಡಿದರೆ ಬೈಯಬೇಡ. "ನಿಧಾನವಾಗಿ ನೋಡು ಮಗಳೇ, ನನಗೇನೂ ಅವಸರ ಇಲ್ಲ" ಅನ್ನು.