ಉಪ್ಪಿಲ್ಲದ ತೊಟ್ಟಿ

ಮಾರ್ಚ್ ೯, ಭಾನುವಾರ

ಮುದ್ದು ಮಗಳೇ,

ನೀನೂ ಮಗುವೂ ಚೆನ್ನಾಗಿದ್ದೀರಿ ತಾನೆ? ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಬೇಕಾದರೆ ಬೈದುಕೋ. ಮಗುವಿನ ಕಣ್ಣಿನ ಬಗ್ಗೆ ನೀನು ಕೇಳಿದ ಪ್ರಶ್ನೆ ನೆನಪಾದಾಗಲೆಲ್ಲ ಪೆನ್ನು ಮುಚ್ಚಿಡುತ್ತಿದ್ದೆ. ಈಗಲೂ ಮೊದಲು ಪ್ರಯೋಗಾಲಯದ ಸುದ್ದಿ ಹೇಳಿಬಿಡುತ್ತೇನೆ.

ನಾನು 'ಅಡ್ಡಮಾತು' ಅಂತ ಕರೆಯುವ ನನ್ನ ಸಹೋದ್ಯೋಗಿ ಗೊತ್ತಲ್ಲ? ನಾನು ಹೂಂ ಅಂದರೆ ಊಹೂಂ ಅನ್ನುವ ಮಹಾನುಭಾವ. ಗುಹೆಯ ಮೀನು ಕುರುಡಾದದ್ದು ಹೇಗೆ ಅನ್ನುವುದೇ ನಮ್ಮ ಹಳೇ ಜಗಳ. ಕತ್ತಲಲ್ಲಿ ಕಣ್ಣು ದಂಡದ ಖರ್ಚು, ಚಿಕ್ಕ ಕಣ್ಣಿನವು ಹೆಚ್ಚು ಬದುಕಿದವು, ನಿಸರ್ಗ ತಲೆಮಾರುಗಟ್ಟಲೆ ಅಂಥವನ್ನೇ ಆರಿಸುತ್ತಾ ಹೋಯಿತು, ಅಷ್ಟು ಸಾಕು ಅನ್ನುವವಳು ನಾನು. "ನಿಮ್ಮ ಆಯ್ಕೆ ಬರೀ ಜರಡಿ ಮೇಡಂ. ಜರಡಿ ಹಿಡಿಯೋಕೆ ಮೊದಲು ಹಿಟ್ಟು ಬೇಕಲ್ಲ, ಅದೆಲ್ಲಿಂದ ಬಂತು?" ಅಂತ ಅವನು. ಕಳೆದ ತಿಂಗಳು ಮಾತಿಗೆ ಮಾತು ಬೆಳೆದು ಇಬ್ಬರೂ ಮುಖ ತಿರುಗಿಸಿಕೊಂಡೆವು.

ಅಲ್ಲೇ ಎಡವಟ್ಟಾಗಿದ್ದು. ಹೊಳೆಯ ಮೀನುಗಳು, ಅಂದರೆ ಗುಹೆಯವುಗಳ ಕಣ್ಣಿರುವ ದಾಯಾದಿಗಳು, ಮೊಟ್ಟೆಯಿಟ್ಟಿದ್ದವು. ಹೊಳೆ ನೀರಿನ ಲವಣ ಬರಲೆಂದು ತೊಟ್ಟಿಯ ಶುದ್ಧ ನೀರಿಗೆ ನಾವು ಹಾಕುವ ಚಿಟಿಕೆ ಉಪ್ಪನ್ನು ಅವನು ಬೆರೆಸಿದ್ದಾನೆ ಅಂತ ನಾನು, ನಾನು ಬೆರೆಸಿದ್ದೇನೆ ಅಂತ ಅವನು ಅಂದುಕೊಂಡೆವು. ಮಾತು ಬಿಟ್ಟವರು ಕೇಳುವುದು ಹೇಗೆ? ಮರಿಗಳು ಸಪ್ಪೆ ನೀರಲ್ಲೇ ಬೆಳೆದವು.

ನಿನ್ನೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೆ. ಎಷ್ಟೋ ಮರಿಗಳ ಕಣ್ಣು ಇರಬೇಕಾದ ಅರ್ಧದಷ್ಟೂ ಇಲ್ಲ! ಯಾವುದೂ ಸತ್ತಿಲ್ಲ, ಯಾವುದನ್ನೂ ನಿಸರ್ಗ ಆರಿಸಿಲ್ಲ. ಒಂದೇ ತಲೆಮಾರು! ಗುಹೆಯ ನೀರೂ ಹೀಗೇ ಸಪ್ಪೆ; ಅಡ್ಡಮಾತು ಕೇಳುತ್ತಿದ್ದ ಹಿಟ್ಟು ಆ ನೀರಿನಿಂದಲೇ ಬಂದಿತ್ತು. ಅಡ್ಡಮಾತನ್ನು ಕೂಗಿದೆ. ಗೆದ್ದೆ ಅಂತ ಕುಣಿಯುತ್ತಾನೆ ಅಂದುಕೊಂಡರೆ, ಸ್ಟೂಲು ಎಳೆದುಕೊಂಡು ಒಂದೊಂದೇ ಮರಿಯನ್ನು ಮತ್ತೆ ಮತ್ತೆ ನೋಡಿದ. "ಇಷ್ಟು ಸುಲಭಾನಾ ಮೇಡಂ?" ಅಂದ. ಆಮೇಲೆ, "ಹಿಟ್ಟು ಬಂದ್ಮೇಲೆ ಜರಡಿ ಹಿಡಿಯೋದು ನಿಮ್ಮ ನಿಸರ್ಗಾನೇ ಬಿಡಿ" ಅಂತ ನನ್ನನ್ನೇ ಸಮಾಧಾನ ಮಾಡಿದ. ಇಷ್ಟು ವರ್ಷ ನಾನು ಹೇಳಿದ ಪಾಠ ಸುಳ್ಳಲ್ಲ ಮಗಳೇ, ಆದರೆ ಸಾಲದು.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಗು ಮಲಗಿದಾಗ ನೀನೂ ಮಲಗು.

ನಿನ್ನ
ಅಮ್ಮ

ತಾ.ಕ.: ಮಗುವಿನ ಕಣ್ಣು ಪೂರ್ತಿ ಬೆಳೆಯದೆ ಹುಟ್ಟಿದ್ದಕ್ಕೆ ನಿಮ್ಮತ್ತೆ, "ಬಸುರಲ್ಲಿ ಇವಳು ಏನು ತಿಂದಳೋ, ಏನು ಕುಡಿದಳೋ" ಅಂದರಂತೆ. "ನನ್ನದೇ ತಪ್ಪಾ ಅಮ್ಮಾ?" ಅಂತ ಬರೆದಿದ್ದೀಯ. ನಿನ್ನೆ ಆ ಮರಿಗಳನ್ನು ಕಂಡಾಗ ನಿಮ್ಮತ್ತೆಯ ಮಾತೇ ನನ್ನ ತಲೆಯಲ್ಲೂ ಸುಳಿಯಿತು. ಬೆಚ್ಚಿಬಿದ್ದೆ ಮಗಳೇ, ನನ್ನನ್ನು ಕಂಡು ನಾನೇ ಬೆಚ್ಚಿಬಿದ್ದೆ. ಮೀನು ಮೀನೇ, ಮನುಷ್ಯರು ಮನುಷ್ಯರೇ. ಮಗುವಿಗೆ ಹೀಗೇಕಾಯಿತೋ ನನಗೆ ಗೊತ್ತಿಲ್ಲ. ಆದರೆ ಇಷ್ಟಂತೂ ಗೊತ್ತು: ಆ ತೊಟ್ಟಿಗೆ ನೀರು ತುಂಬಿದ್ದು ತಾಯಿ ಮೀನಲ್ಲ ಕಣೇ.