ಅಂಚು ಯಾವ ಕಡೆ ಮಲಗಬೇಕು

ಮನೆಯ ಹೊಲಿಗೆ ಕೋಣೆಯಿಂದ,
ಗುರುವಾರ, ಹನ್ನೆರಡನೇ ತಾರೀಖು

ಸೊಸೆಗೆ,

‘ಪ್ರೀತಿಯ’ ಎಂದು ಮೊದಲು ಬರೆಯಬೇಕೆಂದು ಗೊತ್ತು. ಪೆನ್ನು ಅಲ್ಲಿಗೆ ಬಂದು ನಿಂತುಬಿಟ್ಟಿತು. ಆರೋಗ್ಯವಾಗಿದ್ದೀಯಾ? ಕೆಮ್ಮು ಹೋಯಿತೇ? ಹೋಗದಿದ್ದರೆ ಬಿಸಿನೀರು ಕುಡಿ, ನಿನ್ನ ಅಕ್ಕನ ಮನೆಯಲ್ಲಿ ಒಲೆಗೇನೂ ಬರವಿಲ್ಲವಷ್ಟೆ. ನಾನು ಚೆನ್ನಾಗಿಯೇ ಇದ್ದೇನೆ. ನೀನು ಹೋದ ಮೇಲೆ ಒಂದು ತುತ್ತು ಹೆಚ್ಚೇ ಉಣ್ಣುತ್ತಿದ್ದೇನೆ. ಕೇಳಿದವರಿಗೆ ಹೀಗೇ ಹೇಳು.

ಅವತ್ತು ನಾನು ದಾರ ತರಲು ಹೋಗಿದ್ದೆ. ವಾಪಸು ಬಂದರೆ ಇಸ್ತ್ರಿಪೆಟ್ಟಿಗೆ ತಣ್ಣಗೆ ನಿಂತಿತ್ತು, ಬಾಗಿಲಲ್ಲಿ ನಿನ್ನ ಚಪ್ಪಲಿ ಇರಲಿಲ್ಲ, ನನ್ನ ಮಗ ಟಿವಿ ನೋಡುತ್ತಾ ಕೂತಿದ್ದ. ಎಲ್ಲಿ ಅವಳು ಅಂದರೆ, ‘ಅಕ್ಕನ ಮನೆಗೆ ಹೋದ್ಳು. ಬರ್ತಾಳೆ ಬಿಡಮ್ಮ, ಇನ್ನೆಲ್ಲಿಗೆ ಹೋಗ್ತಾಳೆ’ ಅಂದ. ನಡೆದದ್ದನ್ನು ಕೆಳಗಿನ ಕ್ಷೌರದಂಗಡಿಯವನ ಬಾಯಿಂದ ಕೇಳಬೇಕಾಯಿತು. ಕಣ್ಣಿನ ಡಾಕ್ಟರಮ್ಮನ ಮೊಮ್ಮಗಳ ಕೌದಿಗೆಂದು ನೀನು ಬಟ್ಟೆಯ ತುಂಡು ಜೋಡಿಸಿ ಹೊಲಿದು ಇಸ್ತ್ರಿ ಮಾಡಿಟ್ಟಿದ್ದ ನಕ್ಷತ್ರಗಳಲ್ಲಿ ಎರಡನ್ನು ನನ್ನ ಮಗ ಎತ್ತಿಕೊಂಡು ಹೋಗಿ ಬೈಕಿನ ಚೈನು ಒರೆಸಿದನಂತೆ. ಯಾಕೆ ಅಂತ ನೀನು ಕೇಳಿದ್ದಕ್ಕೆ ‘ಚಿಂದಿ ತಾನೇ, ಇನ್ನೆರಡು ಹೊಲಿ’ ಅಂದನಂತೆ, ಬೀದಿಯಲ್ಲಿ ನಿಂತು, ನಾಲ್ಕು ಜನರ ಮುಂದೆ. ನೀನು ತುಟಿಪಿಟಕ್ಕೆನ್ನದೆ ಮೇಲೆ ಹೋಗಿ ಚೀಲ ತೆಗೆದುಕೊಂಡು ಹೊರಟುಬಿಟ್ಟೆಯಂತೆ.

ನಾನು ಕ್ಷಮಿಸಲಾರದ್ದು ಇದನ್ನೇ. ಬಾಯಿಲ್ಲವಾ ನಿನಗೆ? ಒಂದು ಹೊಲಿಗೆಗೋಸ್ಕರ ನನ್ನ ಜೊತೆ ಮೂರು ದಿನ ಜಗಳಾಡುವ ಬಾಯಿ ಅವನ ಮುಂದೆ ಎಲ್ಲಿ ಅಡಗಿಕೊಂಡಿತ್ತು? ಹೋಗಲಿ, ನನಗಾಗಿ ಅರ್ಧ ಗಂಟೆ ಕಾಯಬಹುದಿತ್ತು. ಕಾಯಲಿಲ್ಲ. ಅತ್ತೆ ಬಂದರೆ ಮಗನ ಕಡೆಗೇ ಮಾತಾಡುತ್ತಾಳೆ ಅಂತ ನೀನೇ ವಕೀಲಳಾಗಿ, ನೀನೇ ಜಡ್ಜಾಗಿ, ತೀರ್ಪು ಬರೆದುಕೊಂಡು ನಡೆದೆ. ಆರು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ಹೊಲಿದಿದ್ದೇವೆ. ನನ್ನನ್ನು ಅಷ್ಟೇ ಅಂತ ತಿಳಿದುಕೊಂಡೆಯಾ? ನೆರೆಹೊರೆಯವರು ಕೇಳಿದ್ದಕ್ಕೆ ನಿನ್ನ ಅಕ್ಕನ ಕಾಲು ಮುರಿದಿದೆ, ನೋಡಿಕೊಳ್ಳಲು ಹೋಗಿದ್ದಾಳೆ ಅಂದಿದ್ದೇನೆ. ನಿನ್ನ ಮಾನ ಉಳಿಸಲು ನಾನು ಸುಳ್ಳುಗಾತಿ ಆದೆ. ಅವಳೇನಾದರೂ ಈ ಕಡೆ ಬಂದರೆ ಕುಂಟಿಕೊಂಡು ಬರಲಿ.

ಇನ್ನು ನೀನು ಅರ್ಧಕ್ಕೆ ಬಿಟ್ಟುಹೋದ ಕೆಲಸ. ಹೊಲಿದ ಮೇಲೆ ಹಿಂಬದಿಯಲ್ಲಿ ಉಳಿಯುವ ಎರಡೂ ಅಂಚುಗಳನ್ನು ಗಾಢ ಬಣ್ಣದ ಬಟ್ಟೆಯ ಕಡೆಗೇ ಮಲಗಿಸಿ ಇಸ್ತ್ರಿ ಒತ್ತಬೇಕು ಅಂತ ನೀನು ಈ ಮನೆಗೆ ಬಂದ ದಿನದಿಂದ ಹೇಳಿದ್ದೇನೆ. ತಿಳಿ ಬಟ್ಟೆಯ ಕೆಳಗೆ ಗಾಢ ಅಂಚು ಬಿದ್ದರೆ ಮುಂದಿನಿಂದ ನೆರಳು ಕಾಣುತ್ತದೆ, ಒಗೆದರೂ ಹೋಗದ ಕಲೆಯ ಹಾಗೆ. ನೀನೋ ಪ್ರತಿ ಹೊಲಿಗೆಯ ಅಂಚುಗಳನ್ನೂ ಬಿಡಿಸಿ, ಒಂದಂಚು ಆಚೆ ಒಂದಂಚು ಈಚೆ, ತೆರೆದ ಪುಸ್ತಕದ ಹಾಗೆ ಒತ್ತುವವಳು. ‘ಚಪ್ಪಟೆಯಾಗಿ ಕೂರುತ್ತೆ ಅತ್ತೆ’ ಅನ್ನುತ್ತಿದ್ದೆ. ಕೂರುತ್ತದೆ ತಾಯಿ, ಆದರೆ ಎಳೆತವೆಲ್ಲ ಬರೀ ದಾರದ ಮೇಲೆ ಬೀಳುತ್ತದೆ. ಒದ್ದಾಡಿ ಮಲಗುವ ಮಗುವಿನ ಕೌದಿ ಎಷ್ಟು ದಿನ ತಡೆದೀತು? ಬಿಟ್ಟುಹೋದವಳ ಕೆಲಸಕ್ಕೆ ಮರ್ಯಾದೆ ಯಾಕೆ ಅಂತ ನಿನ್ನ ಹೊಲಿಗೆಗಳನ್ನೆಲ್ಲ ಮಡಚಿ ನನ್ನ ಕ್ರಮದಲ್ಲಿ ಮತ್ತೆ ಒತ್ತಿದೆ. ಒಂದಿಡೀ ಮಧ್ಯಾಹ್ನ ಹಿಡಿಯಿತು. ಹಬೆ ಕಣ್ಣಿಗೆ ಹೊಡೆದು ನೀರು ಸುರಿಯಿತು. ಬೇರೆ ಅರ್ಥ ಮಾಡಿಕೊಳ್ಳಬೇಡ. ಇಸ್ತ್ರಿಯನ್ನು ಎಳೆದಾಡದೆ ಇಟ್ಟು, ಒತ್ತಿ, ಎತ್ತಿದ್ದೀಯ, ಒಂದು ತುಂಡೂ ವಾರೆಯಾಗಿಲ್ಲ. ಅದು ನಾನು ಕಲಿಸಿದ್ದು, ಆ ಹೊಗಳಿಕೆ ನನ್ನದು.

ಅಂಚುಗಳೇನೋ ನಾನು ಹೇಳಿದ ಕಡೆ ಮಲಗಿದವು. ಆದರೆ ನಕ್ಷತ್ರದ ಎಂಟು ತುಂಡುಗಳ ಮೂಲೆಗಳು ಬಂದು ಕೂಡುವ ನಡುವಿನಲ್ಲಿ ಗೋಲಿ ದಪ್ಪದ ಗಂಟು ಎದ್ದಿತು. ಸುತ್ತಿಗೆ ತಂದು ಕುಟ್ಟಿದೆ. ಜಗ್ಗಲಿಲ್ಲ, ನಿನ್ನ ಹಾಗೆಯೇ. ಮೇಲೆ ಹೊಲಿಗೆ ಓಡಿಸಿದರೆ ಮಿಷನ್ನಿನ ಸೂಜಿ ಟಕ್ಕೆಂದು ಮುರಿಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಆಗ ನಿನ್ನನ್ನು ಬೈದ ಬೈಗುಳಕ್ಕೆ ಕೆಳಗೆ ಗಡ್ಡ ಹೆರೆಸಿಕೊಳ್ಳುತ್ತಿದ್ದವನು ಬೆಚ್ಚಿಬಿದ್ದನಂತೆ. ಕೊನೆಗೆ ನಕ್ಷತ್ರದ ನಡುವೆ ಹಾಯುವ ಕೊನೆಯ ಹೊಲಿಗೆಯೊಂದರ ಅಂಚನ್ನು ಬಿಡಿಸಿ, ನಿನ್ನ ಹಾಗೆ ಎರಡು ಕಡೆಗೆ ಒತ್ತಿದೆ. ಕೂತಿತು. ಉಳಿದದ್ದೆಲ್ಲ ಗಾಢ ಬಟ್ಟೆಯ ಕಡೆಗೇ ಇದೆ. ಇದನ್ನು ನಿನ್ನ ಗೆಲುವು ಅಂತ ಅಕ್ಕನ ಮುಂದೆ ಡಂಗುರ ಸಾರಬೇಡ. ಒಂದು ಹೊಲಿಗೆ, ಅಷ್ಟೇ.

ಹೋದ ಶನಿವಾರ ನನ್ನ ಮಗ ಅಂಗಿ ಹಿಡಿದುಕೊಂಡು ಬಂದ. ಒತ್ತಿಟ್ಟ ನಕ್ಷತ್ರಗಳನ್ನು ಮೊಣಕೈಯಿಂದ ದೂಡಿ, ‘ಇದಕ್ಕೊಂದು ಇಸ್ತ್ರಿ ಹಾಕಮ್ಮ, ಅವಳಿಲ್ವಲ್ಲ’ ಅಂದ. ನಾನು ಏನಂದೆ ಅನ್ನುವುದು ಕಾಗದದಲ್ಲಿ ಬರೆಯುವಂಥದ್ದಲ್ಲ. ಹೆತ್ತವಳಿಗೆ ಗೊತ್ತಿರುವ ಬೈಗುಳ ಊರಿನವರಿಗೆ ಗೊತ್ತಿರುವುದಿಲ್ಲ.

ಮಸಿಯಾದ ಎರಡು ನಕ್ಷತ್ರಗಳ ಬದಲು ಬೇರೆ ಹೊಲಿದು ಕೌದಿಯ ಮೇಲ್ಬಟ್ಟೆ ಮುಗಿಸಿದೆ. ನಿನ್ನೆ ಡಾಕ್ಟರಮ್ಮ ಬಂದು, ಕನ್ನಡಕ ಹಣೆಗೇರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, ‘ನಿಮ್ಮ ಸೊಸೆ ಕೈ ತುಂಬಾ ನೀಟು’ ಅಂದರು. ಸೊಸೆಯ ಕೈಯಂತೆ! ಸೂಜಿ ಮುರಿದುಕೊಂಡವಳು ನಾನು. ತಿದ್ದಬೇಕೆಂದು ಬಾಯಿ ತೆರೆದೆ, ಹೌದು ಅನ್ನುವ ಮಾತೇ ಹೊರಗೆ ಬಂತು. ಅದಕ್ಕೂ ನಿನ್ನನ್ನೇ ಬೈದುಕೊಂಡೆ.

ಇಷ್ಟು ಬರೆದದ್ದೇ ಹೆಚ್ಚಾಯಿತು. ನಿನ್ನ ಅಕ್ಕನನ್ನು ಕೇಳಿದೆನೆಂದು ಹೇಳು. ಆಶೀರ್ವಾದ ಇದೆ. ಸಿಟ್ಟು ಬಂದಿದೆ ಅಂತ ಅದನ್ನು ತಡೆಹಿಡಿಯಲು ಆಗುವುದಿಲ್ಲವಲ್ಲ, ಏನು ಮಾಡುವುದು.

ಇಂತು,
ನಿನ್ನ ಅತ್ತೆ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದೊಂದು. ಮಗನಿಗೆ ಬೇರೆ ಕಡೆ ಇರಲು ಹೇಳಿದೆ. ಭಾನುವಾರ ಹೋದ, ಸ್ನೇಹಿತನ ರೂಮಿನಲ್ಲಿದ್ದಾನೆ. ಅವನ ಜೊತೆ ಬಾಳುವುದು ಬಿಡುವುದು ನಿನಗೆ ಬಿಟ್ಟದ್ದು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಮನೆ ನನ್ನದು. ಬೀಗ ಬದಲಾಯಿಸಿದ್ದೇನೆ. ಒಂದು ಕೀಲಿ ನನ್ನ ಹತ್ತಿರ ಇದೆ, ಇನ್ನೊಂದು ಈ ಲಕೋಟೆಯಲ್ಲಿದೆ. ಮೂರನೆಯದು ಮಾಡಿಸಿಲ್ಲ.